ಹಿಕ್ಕೆಯಲ್ಲಿ ಕಾಣದ ಹುಳು

ಕೋಳಿಗಳ ಸಣ್ಣ ಕರುಳಿನಲ್ಲಿ ನೆಲೆಸುವ ದುಂಡುಹುಳುಗಳಲ್ಲಿ ಅಸ್ಕರಿಡಿಯಾ ಗ್ಯಾಲಿ ಎಂಬುದೇ ಗಾತ್ರದಲ್ಲಿ ದೊಡ್ಡದು. ಇದರ ಹೆಣ್ಣುಹುಳು 7ರಿಂದ 12 ಸೆಂಟಿಮೀಟರ್‌ವರೆಗೆ ಬೆಳೆಯುತ್ತದೆಯಾದರೂ ಕೋಳಿ ಬದುಕಿರುವಾಗ ಅದು ಕಣ್ಣಿಗೆ ಬೀಳುವುದು ಅಪರೂಪ. ಜುಟ್ಟು ಬಿಳಿಚಿಕೊಳ್ಳುವುದು, ರೆಕ್ಕೆ ಜೋಲುವುದು, ತೂಕ ಇಳಿಯುವುದು, ಮೊಟ್ಟೆ ಕಡಿಮೆಯಾಗುವುದು ಮುಂತಾದ ಲಕ್ಷಣಗಳು ಬೇರೆ ರೋಗಗಳಲ್ಲಿಯೂ ಕಾಣುವುದರಿಂದ ಅವು ಗುಮಾನಿಗೆ ಸಾಕೇ ಹೊರತು ನಿರ್ಣಯಕ್ಕೆ ಸಾಲವು.

ಆದ್ದರಿಂದ ಹಿಕ್ಕೆಯಲ್ಲಿ ಹುಳುವಿನ ಮೊಟ್ಟೆಗಳನ್ನು ಹುಡುಕುವುದು ರೂಢಿ. ಹಿಕ್ಕೆಯನ್ನು ಇನ್ನು ಕರಗದಷ್ಟು ಉಪ್ಪು ಬೆರೆಸಿದ ನೀರಿನಲ್ಲಿ ಕದಡಿ, ಸೋಸಿ, ಕೆಲವು ನಿಮಿಷ ಬಿಟ್ಟರೆ, ಆ ದ್ರಾವಣಕ್ಕಿಂತ ಹಗುರವಾದ ಮೊಟ್ಟೆಗಳು ಮೇಲಕ್ಕೆ ತೇಲಿ ಬರುತ್ತವೆ. ಅವುಗಳನ್ನು ಗಾಜಿನ ಪಟ್ಟಿಗೆ ಎತ್ತಿಕೊಂಡು ಸೂಕ್ಷ್ಮದರ್ಶಕದಲ್ಲಿ ನೋಡಲಾಗುತ್ತದೆ. ಗೆರೆ ಕೊರೆದ ಮ್ಯಾಕ್‌ಮಾಸ್ಟರ್ ಗಾಜುಕೋಶದಲ್ಲಿ ಎಣಿಸಿದರೆ ಒಂದು ಗ್ರಾಂ ಹಿಕ್ಕೆಗೆ ಎಷ್ಟು ಮೊಟ್ಟೆಗಳೆಂಬ ಲೆಕ್ಕವೂ ದೊರೆಯುತ್ತದೆ.

ತೊಡಕು ಇರುವುದು ಈ ಲೆಕ್ಕವನ್ನು ಅರ್ಥೈಸುವಲ್ಲಿ. ಕುರುಡುಕರುಳಿನಲ್ಲಿ, ಅಂದರೆ ಸಣ್ಣ ಮತ್ತು ದೊಡ್ಡ ಕರುಳು ಕೂಡುವಲ್ಲಿರುವ ಜೋಡಿ ಚೀಲಗಳಲ್ಲಿ, ವಾಸಿಸುವ ಹೆಟರಾಕಿಸ್ ಎಂಬ ಚಿಕ್ಕ ಹುಳುವಿನ ಮೊಟ್ಟೆಯೂ ಹೆಚ್ಚುಕಡಿಮೆ ಇದೇ ರೂಪದ, ದಪ್ಪ ಚಿಪ್ಪಿನ ಅಂಡಾಕಾರದ್ದಾಗಿದ್ದು, ಅನುಭವಿಗಳೂ ಇವೆರಡನ್ನು ಬೇರ್ಪಡಿಸಲು ತಡವರಿಸುತ್ತಾರೆ. ಅದಕ್ಕಿಂತ ಮುಖ್ಯವಾಗಿ, ಕೋಳಿಗೆ ಸೋಂಕು ತಗಲಿದ ಮೇಲೆ ಹುಳು ಬಲಿತು ಮೊಟ್ಟೆಯಿಡುವ ಹಂತಕ್ಕೆ ಬರಲು 5ರಿಂದ 8 ವಾರಗಳು ಹಿಡಿಯುತ್ತವೆ. ಎಳೆಯ ಮರಿಗಳಿಗೆ ಹೆಚ್ಚು ಹಾನಿಯಾಗುವುದಾದರೋ ಈ ಅವಧಿಯಲ್ಲಿ, ಲಾರ್ವಾಗಳು ಕರುಳಿನ ಒಳಪೊರೆಯನ್ನು ಹೊಕ್ಕಾಗ. ಹೀಗಿರುವಾಗ ಮೊಟ್ಟೆ ಕಾಣಲಿಲ್ಲವೆಂಬ ಒಂದೇ ವರದಿಯನ್ನು ನಂಬಿ ಹಿಂಡಿಗೆ ಹುಳುಬಾಧೆಯಿಲ್ಲವೆಂದು ತೀರ್ಮಾನಿಸುವುದು ಆತುರವೇ ಸರಿ.

ಸಂದೇಹ ತೀರಬೇಕಾದರೆ ಸತ್ತ ಅಥವಾ ಕೊಯ್ದ ಕೋಳಿಯ ಕರುಳನ್ನು ಉದ್ದಕ್ಕೆ ಸೀಳಿ ನೋಡಬೇಕು. ಬಲಿತ ಹುಳುಗಳು ಬಿಳಿಯ ದಾರದಂತೆ ಬರಿಗಣ್ಣಿಗೇ ಕಾಣುತ್ತವೆ, ಕೆಲವೊಮ್ಮೆ ಗಂಟುಗಟ್ಟಿ ಕರುಳನ್ನೇ ಮುಚ್ಚಿಬಿಟ್ಟಿರುತ್ತವೆ. ಲಾರ್ವಾಗಳಿಗಾದರೆ ಒಳಪೊರೆಯನ್ನು ಕೆರೆದು ಸೂಕ್ಷ್ಮದರ್ಶಕದಡಿ ಪರೀಕ್ಷಿಸಬೇಕಾಗುತ್ತದೆ. ಹಿತ್ತಿಲಲ್ಲಿ ನಾಟಿ ಕೋಳಿ ಸಾಕುವ ಮನೆಗಳಲ್ಲಿ ಹಬ್ಬಕ್ಕೆ ಕೊಯ್ದ ಕೋಳಿಯ ಕರುಳನ್ನು ಎಸೆಯುವ ಮೊದಲು ಹೀಗೆ ಸೀಳಿ ನೋಡುವುದಕ್ಕೆ ಯಾವ ಖರ್ಚೂ ಇಲ್ಲ. ತೀರ ಅಪರೂಪಕ್ಕೆ, ಮಲದ್ವಾರದ ಕಡೆಯಿಂದ ಅಂಡನಾಳಕ್ಕೆ ಹರಿದ ಹುಳುವೊಂದು ಕೋಳಿಮೊಟ್ಟೆಯ ಚಿಪ್ಪಿನೊಳಗೇ ಸೇರಿಕೊಳ್ಳುವುದುಂಟು. ಆಗ ರೋಗನಿರ್ಣಯವಾಗುವುದು ಪ್ರಯೋಗಾಲಯದಲ್ಲಲ್ಲ, ಅಡುಗೆಮನೆಯ ಬಾಣಲೆಯ ಮುಂದೆ.