ಮೂರು ಪಟ್ಟಿ, ಒಂದು ಚೂರು ಟೇಪು

1998ರ ಆಗಸ್ಟ್ 24ರಂದು ಇಂಟೆಲ್ ಕಂಪನಿ ಒಂದೇ ದಿನ ಎರಡು ಬಗೆಯ ಪ್ರೊಸೆಸರ್‌ಗಳನ್ನು ಮಾರುಕಟ್ಟೆಗೆ ಬಿಟ್ಟಿತು. 450 ಮೆಗಾಹರ್ಟ್ಸ್ ವೇಗದ ಪೆಂಟಿಯಂ 2ಕ್ಕೆ 669 ಡಾಲರ್, 300 ಮೆಗಾಹರ್ಟ್ಸಿನ ಸೆಲೆರಾನ್ 300ಎಗೆ 149 ಡಾಲರ್. ಈ ಅಗ್ಗದ ಚಿಪ್ಪನ್ನು ಪಳಗಿಸಿದರೆ ದುಬಾರಿಯದರ ಸಮಕ್ಕೆ ಓಡುತ್ತದೆ ಎಂಬ ಸುದ್ದಿ ಕಂಪ್ಯೂಟರ್ ಹುಚ್ಚಿನವರ ನಡುವೆ ಬಹುಬೇಗ ಹಬ್ಬಿತು.

ಲೆಕ್ಕ ಸರಳ. ಮದರ್‌ಬೋರ್ಡಿನ ಬಸ್ ವೇಗವನ್ನು ಇಷ್ಟು ಪಟ್ಟು ಮಾಡಿಕೊಂಡು ಪ್ರೊಸೆಸರ್ ಓಡುತ್ತದೆ. ಸೆಲೆರಾನ್ 300ಎದಲ್ಲಿ ಅದು ನಾಲ್ಕೂವರೆ ಪಟ್ಟು, ಬದಲಾಯಿಸುವಂತಿರಲಿಲ್ಲ. ಬಸ್ 66 ಇದ್ದರೆ 300. ಅದನ್ನೇ 100ಕ್ಕೆ ಏರಿಸಿದರೆ 450. ಆದರೆ ಎಲ್ಲ ಚಿಪ್ಪುಗಳೂ ಒಂದೇ ಹದದವಲ್ಲ. ಕೆಲವು ವಿಂಡೋಸ್ ತೆರೆಯುವವರೆಗೆ ಚೆನ್ನಾಗಿದ್ದು, ಆಟ ಶುರುವಾದೊಡನೆ ಹ್ಯಾಂಗ್ ಆಗುತ್ತಿದ್ದವು. ಅಂಥವಕ್ಕೆ ಇನ್ನಷ್ಟು ವೋಲ್ಟೇಜ್ ಬೇಕು. ವೋಲ್ಟೇಜ್ ಹೆಚ್ಚಿದ್ದರೆ ಒಳಗಿನ ಟ್ರಾನ್ಸಿಸ್ಟರ್‌ಗಳು ಬೇಗ ಬೇಗ ಸ್ಥಿತಿ ಬದಲಿಸುತ್ತವೆ, ಮುಂದಿನ ಕ್ಲಾಕ್ ಬಡಿತ ಬೀಳುವುದರೊಳಗೆ ಕೆಲಸ ಮುಗಿಸಿಕೊಳ್ಳುತ್ತವೆ.

ತೈವಾನಿನ ಅಬಿಟ್ ಕಂಪನಿಯ ಬಿಎಚ್6 ಬೋರ್ಡ್ ಇದ್ದವರು ಬಯೋಸ್ ಪರದೆಯಲ್ಲೇ ವೋಲ್ಟೇಜ್ ಏರಿಸಿಕೊಂಡರು. ಆ ಸೌಲಭ್ಯ ಇಲ್ಲದ ಬೋರ್ಡಿನವರು ಏನು ಮಾಡಬೇಕು? ಅವರಿಗಾಗಿ ಹುಟ್ಟಿದ್ದು ಟೇಪಿನ ಉಪಾಯ. ಚಿಪ್ಪುಗಳ ವೇಗ ಏರಿಸುವ ಈ ಇಡೀ ಚರಿತ್ರೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಪ್ರಸಂಗ ಇದು.

ಆಗಿನ ಸೆಲೆರಾನ್ ಈಗಿನ ಹಾಗೆ ಚೌಕದ ಬಿಲ್ಲೆಯಾಗಿರಲಿಲ್ಲ. ನಿಲ್ಲಿಸಿ ಸ್ಲಾಟಿಗೆ ಒತ್ತುವ ಸಣ್ಣದೊಂದು ಸರ್ಕ್ಯೂಟ್ ಬೋರ್ಡ್. ಅದರ ಕೆಳ ಅಂಚಿನ ಎರಡೂ ಬದಿ ಸೇರಿ ಬಂಗಾರದ ಬಣ್ಣದ 242 ಪಟ್ಟಿಗಳು. ಅವುಗಳಲ್ಲಿ ಐದರ ಕೆಲಸ ತನಗೆಷ್ಟು ವೋಲ್ಟ್ ಬೇಕೆಂದು ಮದರ್‌ಬೋರ್ಡಿಗೆ ತಿಳಿಸುವುದು. ಪಟ್ಟಿ ಗ್ರೌಂಡಿಗೆ ಸೇರಿದ್ದರೆ ಸೊನ್ನೆ, ಸೇರದಿದ್ದರೆ ಒಂದು. 00001 ಅಂದರೆ 2.0 ವೋಲ್ಟ್, ಸೆಲೆರಾನ್ ಕೇಳುತ್ತಿದ್ದದ್ದು ಅಷ್ಟೇ. 11101 ಅಂದರೆ 2.2. ಹಾಗಾದರೆ ಮೂರು ಸೊನ್ನೆಗಳನ್ನು ಒಂದು ಮಾಡಿದರಾಯಿತು: ಎ121, ಎ119, ಬಿ119 ಎಂಬ ಪಟ್ಟಿಗಳವು. ಸೆಲ್ಲೋಟೇಪನ್ನು ಬ್ಲೇಡಿನಿಂದ ಪಟ್ಟಿಯ ಅಗಲಕ್ಕೆ ಸೀಳಿ, ಚಿಮಟದಲ್ಲಿ ಹಿಡಿದು, ಪಕ್ಕದ ಪಟ್ಟಿಗೆ ತಾಗದಂತೆ ಅಂಟಿಸಬೇಕು. ಸ್ಲಾಟಿಗೆ ಒತ್ತುವಾಗ ಅದು ಸುಕ್ಕಾಗಬಾರದು. ಟೇಪಿನ ಬದಲು ನೇಲ್ ಪಾಲಿಶ್ ಹಚ್ಚಿದವರೂ ಇದ್ದರು. ಐದನ್ನೂ ಮುಚ್ಚಿದರೆ ಮಾತ್ರ 11111, ಅಂದರೆ ಪ್ರೊಸೆಸರೇ ಇಲ್ಲವೆಂದು ಅರ್ಥ; ಬೋರ್ಡು ಕರೆಂಟೇ ಕೊಡುತ್ತಿರಲಿಲ್ಲ.

ಇದಕ್ಕೆ ತೆರಬೇಕಾದ ಬೆಲೆ ಶಾಖ. ಅದು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. 2.0ರಿಂದ 2.2ಕ್ಕೆ ಹೋದರೆ 1.21 ಪಟ್ಟು, ಅದರ ಮೇಲೆ ಒಂದೂವರೆ ಪಟ್ಟು ವೇಗ. ಒಟ್ಟು ಸುಮಾರು 1.8 ಪಟ್ಟು. ಹೀಗಾಗಿ ದೊಡ್ಡ ಹೀಟ್‌ಸಿಂಕ್, ದೊಡ್ಡ ಫ್ಯಾನ್ ಹಾಕದೆ ಗತಿಯಿರಲಿಲ್ಲ.

ಟೇಪಿನ ನಂತರ ಪೆನ್ಸಿಲ್ ಬಂತು. 2000ದಲ್ಲಿ ಎಎಂಡಿ ತನ್ನ ಡ್ಯುರಾನ್, ಅಥ್ಲಾನ್ ಚಿಪ್ಪುಗಳ ಮೇಲಿನ ಎಲ್1 ಎಂಬ ಪುಟ್ಟ ಸೇತುವೆಗಳನ್ನು ಲೇಸರ್‌ನಿಂದ ಕತ್ತರಿಸಿ ಬಸ್ ವೇಗದ ಎಷ್ಟು ಪಟ್ಟು ಎಂಬುದನ್ನು ಬದಲಾಯಿಸದಂತೆ ಬೀಗ ಹಾಕಿತ್ತು. ಪೆನ್ಸಿಲ್ಲಿನ ಗ್ರ್ಯಾಫೈಟ್ ವಿದ್ಯುತ್ ಹರಿಸುತ್ತದೆ. ಸೇತುವೆಯ ಮೇಲೆ ಗೆರೆ ಎಳೆದರೆ ಬೀಗ ತೆರೆಯಿತು. ಅದೇ ಪೆನ್ಸಿಲ್ ಮದರ್‌ಬೋರ್ಡಿಗೂ ಇಳಿಯಿತು. ಪ್ರೊಸೆಸರ್‌ಗೆ ಕರೆಂಟ್ ಕೊಡುವ ರೆಗ್ಯುಲೇಟರ್ ತಾನು ಕೊಟ್ಟ ವೋಲ್ಟೇಜನ್ನು ರೆಸಿಸ್ಟರ್‌ಗಳ ಮೂಲಕ ಅಳೆದು ನೋಡಿಕೊಳ್ಳುತ್ತಿರುತ್ತದೆ. ಗ್ರೌಂಡಿನ ಕಡೆಯ ರೆಸಿಸ್ಟರಿನ ಮೇಲೆ ಗೆರೆ ಎಳೆದರೆ ಅದರ ತಡೆ ಇಳಿಯುತ್ತದೆ, ವೋಲ್ಟೇಜ್ ಕಡಿಮೆಯಾಗಿದೆಯೆಂದು ರೆಗ್ಯುಲೇಟರ್ ತಿಳಿದು ಇನ್ನಷ್ಟು ಕೊಡುತ್ತದೆ. ಹೆಚ್ಚಾಯಿತೇ, ರಬ್ಬರಿನಿಂದ ಅಳಿಸಿದರಾಯಿತು. ಜಾಸ್ತಿ ಧೈರ್ಯದವರು ಅಲ್ಲಿ ವೇರಿಯಬಲ್ ರೆಸಿಸ್ಟರನ್ನೇ ಬೆಸುಗೆ ಹಾಕಿ, ಪಕ್ಕದಲ್ಲಿ ಮಲ್ಟಿಮೀಟರ್ ಇಟ್ಟುಕೊಂಡು ಕೂದಲೆಳೆಯಷ್ಟೇ ತಿರುಗಿಸುತ್ತಿದ್ದರು.

ಇನ್ನೊಂದು ತೊಡಕನ್ನು ನಮ್ಮ ಭಾಗದವರಿಗೆ ವಿವರಿಸುವುದೇ ಬೇಡ. ಅಥಣಿ, ಕಾಗವಾಡ, ರಾಯಬಾಗದ ಕಬ್ಬಿನ ಹೊಲಗಳಲ್ಲಿ ತ್ರೀಫೇಸ್ ಬಂದೊಡನೆ ಒಂದೇ ಟ್ರಾನ್ಸ್‌ಫಾರ್ಮರ್ (ಟಿ.ಸಿ.) ಕೆಳಗಿನ ಪಂಪ್‌ಸೆಟ್ಟುಗಳೆಲ್ಲ ಒಮ್ಮೆಲೇ ಶುರುವಾದರೆ ವೋಲ್ಟೇಜ್ ಕುಸಿಯುತ್ತದೆ. ಪ್ರೊಸೆಸರಿನ ಮೇಲೆ ಕೆಲಸದ ಹೊರೆ ಬಿದ್ದಾಗಲೂ ಹಾಗೇ ಕುಸಿತ, ಸರಿಯಾಗಿ ಅದು ಬೇಡವಾದ ಹೊತ್ತಿನಲ್ಲಿ. ಇಂಟೆಲ್ ಇದನ್ನು ಬೇಕೆಂದೇ ಇಟ್ಟಿತ್ತು: ಹೊರೆ ತಟ್ಟನೆ ಇಳಿದಾಗ ವೋಲ್ಟೇಜ್ ಜಿಗಿದು ಮಿತಿ ಮೀರದಿರಲಿ ಎಂದು. ಕೋರ್ 2 ಪ್ರೊಸೆಸರ್‌ಗಳ ಕಾಲದಲ್ಲಿ ಏಸುಸ್‌ನ ಪಿ5ಬಿ ಡಿಲಕ್ಸ್ ಬೋರ್ಡಿನವರು ಈ ಕುಸಿತವನ್ನೂ ಪೆನ್ಸಿಲ್ ಗೆರೆಯಿಂದಲೇ ತಗ್ಗಿಸಿಕೊಂಡರು. ಮುಂದೆ ಬೋರ್ಡ್ ಕಂಪನಿಗಳೇ ಕುಸಿತ ತಗ್ಗಿಸುವುದನ್ನು ಬಯೋಸಿನಲ್ಲಿ ಒಂದು ಆಯ್ಕೆಯಾಗಿ ಕೊಟ್ಟವು.

ಇಲ್ಲಿಂದಾಚೆಗಿನ ಕತೆ ನನಗೆ ಸಂಕಟದ್ದು. ಕೆಟ್ಟ ಕೆಪಾಸಿಟರ್‌ಗಳಿಂದ ಹೆಸರು ಕೆಡಿಸಿಕೊಂಡ ಅಬಿಟ್ 2008ರ ಕೊನೆಗೆ ಬಾಗಿಲು ಮುಚ್ಚಿತು. 2011ರಲ್ಲಿ ಬಂದ ಇಂಟೆಲ್‌ನ ಸ್ಯಾಂಡಿ ಬ್ರಿಡ್ಜ್ ಪ್ರೊಸೆಸರ್‌ಗಳಿಂದ ಬಸ್ ವೇಗವನ್ನು ಹೆಚ್ಚು ಏರಿಸುವ ದಾರಿಯೇ ಕಟ್ಟಾಯಿತು. ಬೀಗ ತೆಗೆದ ಇಂಟೆಲ್ ಚಿಪ್ ಬೇಕೆಂದರೆ ಸಾಮಾನ್ಯವಾಗಿ ಹೆಸರಿನ ಕೊನೆಗೆ ‘ಕೆ’ ಇರುವುದನ್ನು ಹೆಚ್ಚು ದುಡ್ಡು ಕೊಟ್ಟು ತರಬೇಕು. 149 ಡಾಲರಿನ ಸೆಲೆರಾನ್ ಯಾರಿಗೆ ದಕ್ಕಿತ್ತೋ ಅವರನ್ನೇ ಈ ವ್ಯವಸ್ಥೆ ಹೊರಗಿಟ್ಟಿತು. 2019ರಲ್ಲಿ ಪ್ಲಂಡರ್‌ವೋಲ್ಟ್ ಎಂಬ ಭದ್ರತಾ ಲೋಪ ಹೊರಬಿದ್ದ ಮೇಲೆ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ವೋಲ್ಟೇಜ್ ಇಳಿಸಿ ಶಾಖ ತಗ್ಗಿಸಿಕೊಳ್ಳುವ ಅವಕಾಶವೂ ಹೋಯಿತು. ಚಿಕ್ಕೋಡಿ, ನಿಪ್ಪಾಣಿಯಲ್ಲಿ ಎಂಜಿನಿಯರಿಂಗ್ ಓದುವ ಮಕ್ಕಳು ಪ್ರೊಸೆಸರ್ ಮತ್ತು ಬೋರ್ಡಿನ ನಡುವಿನ ಈ ಮಾತುಕತೆಯನ್ನು ಪುಸ್ತಕದಲ್ಲಿ ಓದಬಹುದು. ಟೇಪು ಹಚ್ಚಿ ಕಣ್ಣಾರೆ ಕಾಣುವ ಯಂತ್ರ ಅವರ ಕೈಗೆ ಬರುವುದಿಲ್ಲ.

2024ರ ಜುಲೈನಲ್ಲಿ ಇಂಟೆಲ್ ತನ್ನ 13 ಮತ್ತು 14ನೇ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳ ಬಗ್ಗೆ ಒಂದು ವಿಷಯ ಒಪ್ಪಿಕೊಂಡಿತು. ಅವುಗಳ ಮೈಕ್ರೋಕೋಡ್ ಮದರ್‌ಬೋರ್ಡಿನಿಂದ ಬೇಕಾದ್ದಕ್ಕಿಂತ ಹೆಚ್ಚು ವೋಲ್ಟೇಜ್ ಕೇಳುತ್ತಿತ್ತು, ಅದರಿಂದ ಚಿಪ್ಪುಗಳು ಕೆಡುತ್ತಿದ್ದವು. ಬಳಕೆದಾರರಲ್ಲಿ ಹಲವರು ಏನನ್ನೂ ಮುಟ್ಟಿರಲಿಲ್ಲ. ಆಗಸ್ಟಿನಲ್ಲಿ ತಿದ್ದುಪಡಿ ಬಂತು, ವಾರಂಟಿಯನ್ನು 2 ವರ್ಷ ಹೆಚ್ಚಿಸಿದರು. ಆಗಲೇ ಕೆಟ್ಟುಹೋಗಿದ್ದ ಚಿಪ್ಪುಗಳಿಗೆ ಆ ತಿದ್ದುಪಡಿಯಿಂದ ಏನೂ ಉಪಯೋಗವಾಗಲಿಲ್ಲ.