ಬಿಟ್ಟ ಕುಡಿತ ಮತ್ತೆ ಕರೆಯುವ ಸಂಜೆ

ಕುಡಿತವನ್ನು ಬಿಟ್ಟವನ ಮನೆಯಲ್ಲಿ ಮೊದಲ ಕೆಲವು ವಾರ ಹಬ್ಬದ ಕಳೆಯಿರುತ್ತದೆ. ಮಕ್ಕಳು ಅಪ್ಪನ ಪಕ್ಕದಲ್ಲಿ ಕುಳಿತು ಉಣ್ಣತೊಡಗುತ್ತಾರೆ. ಮೆಟ್ಟಿಲ ಮೇಲಿನ ಹೆಜ್ಜೆಯ ಸಪ್ಪಳದಿಂದಲೇ ಗಂಡನ ಸ್ಥಿತಿಯನ್ನು ಅಳೆಯುತ್ತಿದ್ದ ಮಡದಿಯ ಕಿವಿಗೆ ವಿಶ್ರಾಂತಿ ದೊರೆಯುತ್ತದೆ. ಸುದ್ದಿ ಊರಿಗೆ ಮುಟ್ಟಿ ವೃದ್ಧ ತಾಯಿ ಹರಕೆ ತೀರಿಸುತ್ತಾಳೆ. ಗಂಡಾಂತರ ಕಳೆಯಿತೆಂಬ ಭಾವನೆ ಎಲ್ಲರಲ್ಲಿಯೂ ನೆಲೆಸುತ್ತದೆ.

ವೈದ್ಯರ ಅನುಭವ ಇದಕ್ಕೆ ತೀರ ವಿರುದ್ಧವಾದುದು. ಬಿಟ್ಟ ಮೊದಲ ಮೂರು ತಿಂಗಳೇ ಅತ್ಯಂತ ಅಪಾಯದ ಕಾಲ. 1971ರಲ್ಲಿ ಅಮೆರಿಕದ ಸಂಶೋಧಕರು ಮದ್ಯ, ತಂಬಾಕು, ಹೆರಾಯಿನ್ ಈ ಮೂರರ ಚಟವನ್ನು ಬಿಟ್ಟವರಲ್ಲಿ ಎಷ್ಟು ಮಂದಿ ಉಳಿದುಕೊಂಡರೆಂಬುದನ್ನು ಒಂದೇ ನಕ್ಷೆಯಲ್ಲಿ ಬರೆದು ನೋಡಿದರು. ಮೂರು ಗೆರೆಗಳೂ ಬಹುಮಟ್ಟಿಗೆ ಒಂದೇ ಬಗೆಯವಾಗಿದ್ದವು: ಮೊದಲ ಮೂರು ತಿಂಗಳಲ್ಲಿ ಕಡಿದಾದ ಇಳಿಜಾರು, ಆನಂತರ ನಿಧಾನವಾಗಿ ಸಮತಟ್ಟು ನೆಲ.

ಹೀಗೆ ಜಾರುವುದು ಯಾವಾಗ? ಮದುವೆಯ ಔತಣದಲ್ಲಿಯೋ, ಗೆಳೆಯರ ಬಲವಂತದಿಂದಲೋ ಎಂದು ಹೆಚ್ಚಿನವರ ಊಹೆ. ಗೆಳೆಯರ ಪಾಲು ಇಲ್ಲದಿಲ್ಲ. ಆದರೆ ಸಿಯಾಟಲ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್ ಅವರು, ಮತ್ತೆ ಕುಡಿದವರನ್ನು ಕೂರಿಸಿಕೊಂಡು ಆ ಮೊದಲ ಗುಟುಕಿನ ಹಿಂದಿನ ಗಳಿಗೆಗಳನ್ನು ವಿಚಾರಿಸಿದಾಗ ಬೇರೊಂದು ಚಿತ್ರ ಮೂಡಿತು. ಸಿಟ್ಟು, ಬೇಸರ, ಕಳವಳಗಳಂಥ ಮನಸ್ಸಿನ ಕಹಿ, ಮತ್ತೊಬ್ಬರೊಡನೆ ಜಗಳ, ಜೊತೆಗಾರರ ಒತ್ತಾಯ. ಪ್ರತಿ ನಾಲ್ಕು ಪ್ರಸಂಗಗಳಲ್ಲಿ ಸುಮಾರು ಮೂರು ಈ ಮೂರು ಗುಂಪುಗಳಲ್ಲಿಯೇ ಅಡಕವಾದವು. ಅವುಗಳಲ್ಲಿ ಹಿರಿಯ ಪಾಲು ಮೊದಲನೆಯದರದು. ಎಂದರೆ, ಹಬ್ಬದ ದಿನಕ್ಕಿಂತ ಕೆಟ್ಟ ದಿನವೇ ಹೆಚ್ಚು ಅಪಾಯಕಾರಿ.

ಮಹಾನಗರದಲ್ಲಿ ಅಂಥ ದಿನಕ್ಕೆ ಬರವಿಲ್ಲ. ಡೊಂಬಿವಲಿಯಲ್ಲಿ ಮನೆ, ಕೋಟೆ ಭಾಗದಲ್ಲಿ ಕಚೇರಿ ಇರುವ ಒಬ್ಬ ಗುಮಾಸ್ತನನ್ನು ಕಲ್ಪಿಸಿಕೊಳ್ಳಬಹುದು. ಕುಡಿತ ಬಿಟ್ಟು ಐವತ್ತು ದಿನಗಳಾಗಿವೆ. ಬೆಳಿಗ್ಗೆ ಲೆಕ್ಕದಲ್ಲಿ ತಪ್ಪು ಸಿಕ್ಕಿ ಮೇಲಧಿಕಾರಿ ನಾಲ್ಕು ಜನರ ಎದುರು ಗದರಿಸಿದ್ದಾನೆ. ಆ ಗಡಿಬಿಡಿಯಲ್ಲಿ ಊಟದ ಡಬ್ಬಿ ತೆರೆಯಲಾಗಿಲ್ಲ. ಮಧ್ಯಾಹ್ನ ಊರಿನಿಂದ ಅಣ್ಣನ ಫೋನು: ಗದ್ದೆಯ ಪಾಲಿನ ವಿಷಯ. ಸಂಜೆ ಸಿಗ್ನಲ್ ಕೆಟ್ಟು ಲೋಕಲ್ ಗಾಡಿ ಕುರ್ಲಾದಲ್ಲಿ ಮುಕ್ಕಾಲು ಗಂಟೆ ನಿಂತಿದೆ. ಇವುಗಳಲ್ಲಿ ಯಾವುದೊಂದೂ ಮನುಷ್ಯನನ್ನು ಕೆಡಹುವಷ್ಟು ದೊಡ್ಡದಲ್ಲ. ಆದರೆ ನಿಲ್ದಾಣದಿಂದ ಹೊರಬಂದಾಗ ಕಾಲು ತಾನಾಗಿ ಹಳೆಯ ಗಲ್ಲಿಯತ್ತ ತಿರುಗುತ್ತದೆ. ಅಲ್ಲಿ ಪರ್ಮಿಟ್ ರೂಮಿನ ದೀಪ ಉರಿಯುತ್ತಿದೆ. 1949ರ ಪಾನನಿಷೇಧ ಕಾನೂನಿನ ಪಳೆಯುಳಿಕೆ ಈ ಹೆಸರು. ನಿಷೇಧ ಸಡಿಲಗೊಂಡರೂ ಹೆಸರು ಉಳಿಯಿತು. ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತವರು ಎಷ್ಟೋ ಕಡೆ ಕರಾವಳಿಯ ಕಡೆಯವರೇ. ದಿನವಿಡೀ ಪರಭಾಷೆಯಲ್ಲಿ ಬೈಸಿಕೊಂಡವನಿಗೆ ‘ಬನ್ನಿ, ಎಲ್ಲಿ ಕಾಣಲೇ ಇಲ್ಲ?’ ಎಂಬ ಮಾತು ಕನ್ನಡದಲ್ಲಿ ಕೇಳಿಬರುವುದು ಆ ಒಂದು ಬಾಗಿಲಿನಲ್ಲಿ ಮಾತ್ರ ಎಂಬುದು ವಿಷಾದದ ಸಂಗತಿ.

ಹೋಟೆಲ್ ಕೆಲಸಗಾರರ ವೇಳಾಪಟ್ಟಿಯೇ ಬೇರೆ. ಅವರ ಅಪಾಯದ ಗಳಿಗೆ ಸಂಜೆಯದಲ್ಲ. ಷಟರ್ ಎಳೆದು, ಮೇಜು ಒರೆಸಿ, ಮಲಗಲು ಜಾಗ ಹುಡುಕುವ ನಡುರಾತ್ರಿಯದು.

ಮಿದುಳಿನ ಒಳಗೆ

ವರ್ಷಗಟ್ಟಲೆ ಮದ್ಯ ಸೇವಿಸಿದ ಮಿದುಳು ಅದಕ್ಕೆ ಹೊಂದಿಕೊಂಡಿರುತ್ತದೆ. ಮದ್ಯವು ನರಗಳ ಚಟುವಟಿಕೆಗೆ ಕಡಿವಾಣ ಹಾಕುವ ವಸ್ತು. ಆ ಹೊರಗಿನ ಕಡಿವಾಣಕ್ಕೆ ಪ್ರತಿಯಾಗಿ ಮಿದುಳು ತನ್ನ ಸ್ವಂತ ಕಡಿವಾಣವನ್ನು ಸಡಿಲಿಸಿ, ಉದ್ರೇಕಿಸುವ ವ್ಯವಸ್ಥೆಯನ್ನು ಬಲಪಡಿಸಿಕೊಳ್ಳುತ್ತದೆ. ಮದ್ಯ ಒಮ್ಮೆಲೇ ನಿಂತಾಗ ಕೈನಡುಕ, ಬೆವರು, ನಿದ್ರಾಹೀನತೆಗಳು ತಲೆದೋರುವುದು ಈ ಕಾರಣದಿಂದ. ನಡುಕ ಒಂದು ವಾರದಲ್ಲಿ ಸಾಮಾನ್ಯವಾಗಿ ಅಡಗುತ್ತದೆ. ಆದರೆ ಹದಗೆಟ್ಟ ನಿದ್ರೆ, ಸಿಡುಕು, ಕಾರಣವಿಲ್ಲದ ತಳಮಳ ಇವು ಹಲವು ವಾರ, ಕೆಲವರಲ್ಲಿ ಹಲವು ತಿಂಗಳು ಉಳಿಯುತ್ತವೆ. ಮೇಲಧಿಕಾರಿಯ ಅದೇ ಗದರಿಕೆ ಈ ದಿನಗಳಲ್ಲಿ ಇಮ್ಮಡಿಯಾಗಿ ನಾಟುತ್ತದೆ. ‘ಕುಡಿಯುವಾಗಲೇ ಇವರ ಸ್ವಭಾವ ಒಳ್ಳೆಯದಿತ್ತು’ ಎಂದು ಬೇಸತ್ತ ಮಡದಿಯೊಬ್ಬಳು ನುಡಿದರೆ ಅದು ಚುಚ್ಚುಮಾತಾಗಬಹುದು, ಆದರೆ ಸುಳ್ಳಲ್ಲ.

ಇನ್ನೊಂದು ಸಂಗತಿ. ಆಲೋಚಿಸಿ ತಡೆಯುವ ಕೆಲಸ ಮಿದುಳಿನ ಮುಂಭಾಗದ್ದು. ದಣಿವು, ಒತ್ತಡಗಳಲ್ಲಿ ಮೊದಲು ಮಂಕಾಗುವುದೂ ಅದೇ. ಆಗ ಅಧಿಕಾರ ಹಳೆಯ ರೂಢಿಯ ಕೈಗೆ ಹೋಗುತ್ತದೆ. ರೂಢಿಗೆ ಸ್ಥಳದ ನೆನಪು ವಿಶೇಷವಾಗಿ ಗಟ್ಟಿ: ಅದೇ ಗಲ್ಲಿ, ಅದೇ ಹೊತ್ತು, ಹುರಿದ ಕಡಲೆಯ ಅದೇ ವಾಸನೆ. ಊರಿಗೆ ಹೋಗಿ ಮದ್ಯವರ್ಜನ ಶಿಬಿರದಲ್ಲಿ ದೃಢವಾಗಿ ಬಿಟ್ಟುಬಂದವರು ನಗರಕ್ಕೆ ಮರಳಿದ ತಿಂಗಳೊಳಗೆ ಜಾರುವುದುಂಟು. ಶಿಬಿರ ವಿಫಲವಾಯಿತೆಂದು ಜರೆಯುವುದು ನ್ಯಾಯವಲ್ಲ. ಅವರು ಬಿಟ್ಟದ್ದು ಊರಿನ ಸಂಜೆಯಲ್ಲಿ. ನಗರದ ಸಂಜೆಯನ್ನು ಅವರು ಇನ್ನೂ ಗೆಲ್ಲಬೇಕಾಗಿರುತ್ತದೆ.

ಮದ್ಯದಿಂದ ಉಪಶಮನವೇ ಇಲ್ಲವೆಂದು ಬೋಧಿಸುವ ಉಪನ್ಯಾಸಗಳು ವ್ಯಸನಿಯ ಕಿವಿಗೆ ಹೋಗುವುದಿಲ್ಲ, ಏಕೆಂದರೆ ಅವನಿಗೆ ನಿಜ ಗೊತ್ತು. ಹತ್ತೇ ನಿಮಿಷಗಳಲ್ಲಿ ಎದೆಯ ಬಿಗಿತ ಸಡಿಲುತ್ತದೆ. ಆದರೆ ಅದು ಸಾಲ. ನಡುರಾತ್ರಿ ಮೂರು ಗಂಟೆಗೆ ಎಚ್ಚರವಾಗಿ ಎದೆ ಡವಡವಿಸುವಾಗ ಬಡ್ಡಿಸಹಿತ ವಸೂಲಿ ನಡೆಯುತ್ತದೆ. ಮರುದಿನದ ಕಳವಳ ಮೊದಲಿನದಕ್ಕಿಂತ ಹೆಚ್ಚು.

ಆದರೆ ಕುಡಿಯಬೇಕೆಂಬ ಸೆಳೆತ ನಿರಂತರವಾದುದಲ್ಲ. ಅದು ಅಲೆಯಂತೆ ಏರುತ್ತದೆ. ಎದುರಾಡದೆ, ಮಣಿಯದೆ ಕಾದರೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಈ ಅರ್ಧ ಗಂಟೆಯನ್ನು ದಾಟಿಸುವ ಉಪಾಯಗಳು ನಗುಬರಿಸುವಷ್ಟು ಸಾಮಾನ್ಯವಾದವು. ಹಸಿವು, ಸಿಟ್ಟು, ಒಂಟಿತನ, ದಣಿವು ಈ ನಾಲ್ಕರ ಇಂಗ್ಲಿಷ್ ಮೊದಲಕ್ಷರಗಳನ್ನು ಕೂಡಿಸಿ ಪಾನಮುಕ್ತರು ‘ಹಾಲ್ಟ್’, ಅಂದರೆ ‘ನಿಲ್ಲು’, ಎಂಬ ಪದವನ್ನು ಬಳಸುತ್ತಾರೆ. ಈ ನಾಲ್ಕರಲ್ಲಿ ಹಸಿವನ್ನು ಎಲ್ಲರೂ ಕಡೆಗಣಿಸುವರು. ಖಾಲಿ ಹೊಟ್ಟೆಯ ತಳಮಳವನ್ನೇ ಎಷ್ಟೋ ಮಂದಿ ಮದ್ಯದ ಸೆಳೆತವೆಂದು ಭ್ರಮಿಸುತ್ತಾರೆ. ಕಚೇರಿಯಿಂದ ಹೊರಡುವ ಮುನ್ನವೇ ಎರಡು ಇಡ್ಲಿಯೋ, ಎರಡು ಬಾಳೆಹಣ್ಣೋ ಹೊಟ್ಟೆ ಸೇರಿದರೆ ಗಲ್ಲಿಯ ದೀಪದ ಕಾಂತಿ ಬಹಳಷ್ಟು ಕುಂದುತ್ತದೆ. ನಿಲ್ದಾಣದ ಇನ್ನೊಂದು ಬದಿಯಿಂದ ಇಳಿಯುವುದು, ಜೇಬಿನಲ್ಲಿ ಪ್ರಯಾಣಕ್ಕೆ ಬೇಕಾದಷ್ಟೇ ಹಣ ಇಟ್ಟುಕೊಳ್ಳುವುದು, ಮನೆಯಿಂದ ಯಾರಾದರೊಬ್ಬರು ನಿಲ್ದಾಣಕ್ಕೆ ಬಂದು ನಿಲ್ಲುವುದು ಇವೂ ಅಂಥವೇ. ಇವನ್ನು ಕೆಟ್ಟ ದಿನ ಬರುವ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಆ ಸಂಜೆ ಹೊಸ ಉಪಾಯ ಹೊಳೆಯುವುದಿಲ್ಲ.

ಆಕ್ರನ್ ನಗರದ ಇಬ್ಬರು

ಈ ವಿಷಯದಲ್ಲಿ 1935ರ ಒಂದು ಪ್ರಸಂಗ ಬಲು ಬೋಧಪ್ರದವಾಗಿದೆ. ನ್ಯೂಯಾರ್ಕಿನ ಷೇರು ವ್ಯವಹಾರಸ್ಥ ಬಿಲ್ ವಿಲ್ಸನ್ ಕುಡಿತ ಬಿಟ್ಟು ಐದು ತಿಂಗಳಾಗಿತ್ತು. ಮೇ ತಿಂಗಳಲ್ಲಿ ಓಹಾಯೋ ಸಂಸ್ಥಾನದ ಆಕ್ರನ್ ನಗರಕ್ಕೆ ಬಂದಾಗ ಬಹಳ ಆಸೆಯಿಟ್ಟಿದ್ದ ವ್ಯವಹಾರ ಮುರಿದುಬಿತ್ತು. ಪರಊರು, ಖಾಲಿ ಕೈ, ಶನಿವಾರದ ಸಂಜೆ. ಮೇಫ್ಲವರ್ ಹೋಟೆಲಿನ ಹಜಾರದ ಒಂದು ಕೊನೆಯಲ್ಲಿ ಮದ್ಯದಂಗಡಿಯ ನಗೆ ಕೇಳಿಸುತ್ತಿತ್ತು. ಇನ್ನೊಂದು ಕೊನೆಯಲ್ಲಿ ಟೆಲಿಫೋನು, ಅದರ ಹತ್ತಿರ ಊರಿನ ಚರ್ಚುಗಳ ಪಟ್ಟಿ. ವಿಲ್ಸನ್ ಟೆಲಿಫೋನಿನ ಕಡೆ ನಡೆದ. ಅವನು ಹುಡುಕಿದ್ದು ಉಪದೇಶಕನನ್ನಲ್ಲ, ತನ್ನಂಥ ಇನ್ನೊಬ್ಬ ಕುಡುಕನನ್ನು. ಹಲವು ಕರೆಗಳ ಬಳಿಕ ಮರುದಿನ ದೊರೆತವನು ಶಸ್ತ್ರವೈದ್ಯ ಡಾ. ಬಾಬ್ ಸ್ಮಿತ್. ಹದಿನೈದು ನಿಮಿಷ ಮಾತ್ರ ಕೊಡುವೆನೆಂದು ಬಂದ ವೈದ್ಯ ರಾತ್ರಿಯ ತನಕ ಕುಳಿತ. ‘ಆಲ್ಕೋಹಾಲಿಕ್ಸ್ ಅನಾನಿಮಸ್’ ಎಂದು ಇಂದು ಜಗದ್ವಿಖ್ಯಾತವಾಗಿರುವ ಸಂಘಟನೆಯ ಮೂಲ ಆ ಮಾತುಕತೆ.

ಜನರು ಸಾಮಾನ್ಯವಾಗಿ ಕಥೆಯನ್ನು ಇಲ್ಲಿಗೆ ನಿಲ್ಲಿಸುತ್ತಾರೆ. ಮುಂದಿನದೇ ಮುಖ್ಯ. ಕೆಲವೇ ವಾರ ನಿಗ್ರಹದಿಂದಿದ್ದ ಡಾ. ಸ್ಮಿತ್, ವೈದ್ಯರ ಸಮ್ಮೇಳನಕ್ಕೆಂದು ಅಟ್ಲಾಂಟಿಕ್ ಸಿಟಿಗೆ ಹೊರಟ. ರೈಲಿನಲ್ಲಿಯೇ ಕುಡಿತ ಆರಂಭವಾಯಿತು. ದಿನಗಳ ನಂತರ ಎಚ್ಚರವಾದದ್ದು ಪರಿಚಿತರೊಬ್ಬರ ಮನೆಯಲ್ಲಿ. ಹೆಂಡತಿ ಆ್ಯನ್ ಮತ್ತು ವಿಲ್ಸನ್ ಅವನನ್ನು ಮನೆಗೆ ತಂದು ಶುಶ್ರೂಷೆ ಮಾಡಿದರು. ಶಸ್ತ್ರಚಿಕಿತ್ಸೆಯೊಂದು ಅವನಿಗಾಗಿ ಕಾದಿತ್ತು. ಆ ಬೆಳಿಗ್ಗೆ ಕೈನಡುಕ ನಿಲ್ಲಲೆಂದು ವಿಲ್ಸನ್ ಅವನಿಗೆ ಒಂದು ಬಾಟಲಿ ಬಿಯರು ಕೊಟ್ಟನಂತೆ. ಇಂದು ಯಾವ ವೈದ್ಯನೂ ಒಪ್ಪದ ಚಿಕಿತ್ಸೆಯಿದು. ರೋಗಿಯ ಪುಣ್ಯ ದೊಡ್ಡದಿತ್ತೆನ್ನಬೇಕು. ಶಸ್ತ್ರಚಿಕಿತ್ಸೆ ಮುಗಿದು ಗಂಟೆಗಳು ಕಳೆದರೂ ವೈದ್ಯ ಮನೆಗೆ ಬರಲಿಲ್ಲ. ಮತ್ತೆ ಹೋದನೆಂದು ಮನೆಯವರು ಹೆದರಿದರು. ಅವನೋ ಸಾಲ ಕೊಟ್ಟವರ, ತನ್ನಿಂದ ನೊಂದವರ ಬಾಗಿಲು ಬಾಗಿಲಿಗೆ ಹೋಗಿ, ತಾನು ಕುಡುಕನೆಂದು ಒಪ್ಪಿಕೊಂಡು ಬರುತ್ತಿದ್ದ. 1935ರ ಜೂನ್ 10ನ್ನು ಆ ಸಂಘಟನೆ ತನ್ನ ಹುಟ್ಟಿದ ದಿನವೆಂದು ಎಣಿಸುತ್ತದೆ. ಎಂದರೆ, ಲೋಕವೆಲ್ಲ ಆಚರಿಸುವ ಆ ದಿನ ಜಾರಿಬಿದ್ದ ಮನುಷ್ಯನೊಬ್ಬ ಎದ್ದ ದಿನ. 1950ರಲ್ಲಿ ತೀರಿಕೊಳ್ಳುವವರೆಗೆ ಡಾ. ಸ್ಮಿತ್ ಮತ್ತೆ ಕುಡಿಯಲಿಲ್ಲ.

ಎರಡನೆಯ ಲೋಟ

ಎಡವುವುದು ಬೇರೆ, ಬೀಳುವುದು ಬೇರೆ. ಮಾರ್ಲಟ್ ಮತ್ತು ಜೂಡಿತ್ ಗಾರ್ಡನ್ ಅವರು 1985ರಲ್ಲಿ ಹೊರತಂದ ಗ್ರಂಥದ ತಿರುಳು ಈ ಭೇದವೇ. ಮೊದಲ ಲೋಟವನ್ನು ಕೊಡುವುದು ಕೆಟ್ಟ ದಿನ. ಎರಡನೆಯದನ್ನು ಕೊಡುವುದು ನಾಚಿಕೆ. ಐವತ್ತು ದಿನಗಳ ತಪಸ್ಸು ಮುರಿಯಿತು, ತಾನು ಇಷ್ಟೇ ಎಂಬ ಭಾವನೆ ಮನಸ್ಸನ್ನು ಕವಿಯುತ್ತದೆ. ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು ಎಂಬ ವಾದ ಹುಟ್ಟುತ್ತದೆ. ಒಂದು ಸಂಜೆಯ ತಪ್ಪು ಹೀಗೆ ಒಂದು ತಿಂಗಳಿನದಾಗುತ್ತದೆ.

ಈ ನಾಚಿಕೆಗೆ ಮನೆಗಳಲ್ಲಿ ಗೊಬ್ಬರ ಹಾಕುವ ಪದ್ಧತಿಯೊಂದಿದೆ: ಆಣೆ. ಮಗುವಿನ ತಲೆ ಮುಟ್ಟಿಸಿ, ಮಂಜುನಾಥನ ಹೆಸರೆತ್ತಿಸಿ ಪ್ರಮಾಣ ಮಾಡಿಸಿದರೆ ಮುಗಿಯಿತೆಂದು ಹಿರಿಯರ ನಂಬಿಕೆ. ಆಣೆ ಕೆಲವರನ್ನು ಹಿಡಿದು ನಿಲ್ಲಿಸುವುದೂ ನಿಜ. ಆದರೆ ಆಣೆಯಿಟ್ಟವನು ಎಡವಿದರೆ, ಒಂದು ಲೋಟ ಕುಡಿದೆನೆಂದು ಹೇಳುವುದು ಮಗುವಿಗೆ ಕೇಡು ಬಗೆದೆನೆಂದು ಹೇಳಿದಂತಾಗುತ್ತದೆ. ಅವನು ಬಾಯಿ ಬಿಡುವುದಿಲ್ಲ. ಏಲಕ್ಕಿ ಅಗಿದು, ಊಟ ಬೇಡವೆಂದು ಮಲಗುತ್ತಾನೆ. ಬಚ್ಚಿಟ್ಟ ಕುಡಿತವೇ ಬೆಳೆಯುವ ಕುಡಿತ. ಹೆಂಗಸರ ಕುಡಿತಕ್ಕೆ ಈ ಮಾತು ಇಮ್ಮಡಿಯಾಗಿ ಸಲ್ಲುತ್ತದೆ; ಅವರು ವೈದ್ಯರ ಬಳಿಗೂ ಬರುವುದು ಅಪರೂಪ.

ಅಮಲಿನಲ್ಲಿರುವವನೊಡನೆ ಆ ರಾತ್ರಿ ವಾದಕ್ಕಿಳಿಯುವುದರಿಂದ ಪ್ರಯೋಜನವಿಲ್ಲ. ಬೆಳಿಗ್ಗೆ, ಚಹಾ ಕುಡಿದ ಮೇಲೆ, ‘ನಿನ್ನೆ ಏನಾಯಿತು? ಎಷ್ಟು ಹೊತ್ತಿಗೆ ಮನಸ್ಸಾಯಿತು? ಊಟ ಆಗಿತ್ತೇ?’ ಎಂದು ಕೇಳುವ ಮನೆ ಎಷ್ಟೋ ಔಷಧಿಗಳಿಗಿಂತ ಮಿಗಿಲು. ಇದು ತಪ್ಪಿಗೆ ಕ್ಷಮೆ ನೀಡಿದಂತಲ್ಲ. ಹೊಡೆತ ಬಡಿತಗಳನ್ನು ಸಹಿಸಿಕೊಳ್ಳಬೇಕೆಂಬ ಅರ್ಥವಂತೂ ಖಂಡಿತ ಅಲ್ಲ. ಅಂಥ ಮನೆಯಲ್ಲಿ ಹೆಂಡತಿ ಮಕ್ಕಳ ರಕ್ಷಣೆಯೇ ಮೊದಲಿನದು. ಮಧುಮೇಹದವನು ಜಾಮೂನು ತಿಂದಾಗ ಯಾರೂ ಅವನ ಚಿಕಿತ್ಸೆ ನಿಲ್ಲಿಸುವುದಿಲ್ಲ. 2000ದಲ್ಲಿ ಅಮೆರಿಕದ ವೈದ್ಯಸಂಘದ ಪತ್ರಿಕೆಯಲ್ಲಿ ಪ್ರಕಟವಾದ ವಿಮರ್ಶೆಯೊಂದು ಇದನ್ನೇ ಎತ್ತಿ ತೋರಿಸಿತು: ಚಿಕಿತ್ಸೆಯ ನಂತರದ ವರ್ಷದಲ್ಲಿ ವ್ಯಸನ ಮರುಕಳಿಸುವುದು ನೂರಕ್ಕೆ 40ರಿಂದ 60 ಮಂದಿಯಲ್ಲಿ; ರಕ್ತದೊತ್ತಡ, ಉಬ್ಬಸಗಳ ರೋಗಿಗಳು ಮತ್ತೆ ಹದಗೆಡುವುದೂ ಅದಕ್ಕೆ ಕಡಿಮೆಯೇನಲ್ಲ.

ಕೆಲವು ಎಚ್ಚರಿಕೆಗಳನ್ನು ಮಾತ್ರ ಮರೆಯುವಂತಿಲ್ಲ. ತಿಂಗಳುಗಟ್ಟಲೆ ಬಿಟ್ಟವನ ದೇಹ ಹಳೆಯ ಪ್ರಮಾಣವನ್ನು ತಾಳಲಾರದು. ಹಿಂದಿನ ಅಳತೆಯಲ್ಲಿಯೇ ಕುಡಿದರೆ ಪ್ರಾಣಾಪಾಯ ಸಂಭವಿಸಬಹುದು. ಹಲವು ದಿನ ಸತತವಾಗಿ ಕುಡಿದು ಥಟ್ಟನೆ ನಿಲ್ಲಿಸಿದಾಗ ಮೊದಲ ಎರಡು ದಿನಗಳಲ್ಲಿ ಸೆಳವು, ಎರಡರಿಂದ ನಾಲ್ಕನೆಯ ದಿನದೊಳಗೆ ಭ್ರಮೆ, ಕನವರಿಕೆಗಳು ಕಾಣಿಸಿಕೊಂಡರೆ ಮನೆಯಲ್ಲಿ ಇಟ್ಟುಕೊಳ್ಳದೆ ಆಸ್ಪತ್ರೆಗೆ ಒಯ್ಯಬೇಕು. ಡೈಸಲ್ಫಿರಾಮ್ ಎಂಬ ಮಾತ್ರೆಯನ್ನು ಗಂಡನಿಗೆ ತಿಳಿಯದಂತೆ ಸಾರಿನಲ್ಲಿ ಬೆರೆಸುವ ಮನೆಗಳಿವೆ. ಇದು ಅತ್ಯಂತ ಅಪಾಯಕಾರಿ. ಆ ಮಾತ್ರೆಯ ಮೇಲೆ ಮದ್ಯ ಬಿದ್ದರೆ ವಾಂತಿ, ಎದೆಬಡಿತದಿಂದ ಮೊದಲಾಗಿ ರಕ್ತದೊತ್ತಡ ಕುಸಿಯುವವರೆಗೆ ಹೋಗಬಹುದು. ಮಾತ್ರೆ ನಿಲ್ಲಿಸಿ ಎರಡು ವಾರಗಳವರೆಗೂ ಈ ಭಯ ತಪ್ಪಿದ್ದಲ್ಲ. ಸೆಳೆತವನ್ನೇ ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಮುಂತಾದ ಔಷಧಿಗಳು ಈಗ ಬಳಕೆಯಲ್ಲಿವೆ. ರೋಗಿಗೆ ತಿಳಿಸಿಯೇ, ಮನೋವೈದ್ಯರ ಸಲಹೆಯಂತೆಯೇ ಅವನ್ನು ಕೊಡಬೇಕು.

ಕೇಂದ್ರ ಸರ್ಕಾರಕ್ಕಾಗಿ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ ದೇಶದಲ್ಲಿ ಮದ್ಯದ ತೊಂದರೆಗೆ ನೆರವು ಬೇಕಾದವರು 5.7 ಕೋಟಿಗೂ ಹೆಚ್ಚು. ನೆರವು ತೀರ ದೂರವೇನೂ ಇಲ್ಲ. ಚೆನ್ನೈಯಲ್ಲಿ 1980ರಲ್ಲಿ ಸ್ಥಾಪಿತವಾದ ಟಿ.ಟಿ. ರಂಗನಾಥನ್ ಪ್ರತಿಷ್ಠಾನದ ಆಸ್ಪತ್ರೆ, ಪುಣೆಯಲ್ಲಿ 1986ರಲ್ಲಿ ಆರಂಭವಾದ ಮುಕ್ತಾಂಗಣ, ದೆಹಲಿಯವರಿಗೆ ಗಾಜಿಯಾಬಾದಿನ ರಾಷ್ಟ್ರೀಯ ಕೇಂದ್ರ, ಊರಿಗೆ ಹೋದಾಗ ಬೆಂಗಳೂರಿನ ನಿಮ್ಹಾನ್ಸ್. ಆಲ್ಕೋಹಾಲಿಕ್ಸ್ ಅನಾನಿಮಸ್ ಸಭೆಗಳು ಎಲ್ಲ ಮಹಾನಗರಗಳಲ್ಲಿಯೂ ನಡೆಯುತ್ತವೆ. ಶುಲ್ಕವಿಲ್ಲ, ಪೂರ್ಣ ಹೆಸರನ್ನು ಕೇಳುವವರಿಲ್ಲ. ವ್ಯಸನಮುಕ್ತಿಗಾಗಿ 14446 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಹಣವಿಲ್ಲದೆ ಕರೆಮಾಡಬಹುದು. 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416ರಲ್ಲಿ ಹಗಲು ರಾತ್ರಿಯೂ ಉತ್ತರ ದೊರೆಯುತ್ತದೆ. ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ.