ಛಾಯಾಚಿತ್ರ ಮುದ್ರಣ: ಹಾಳಾಗುವ ಹಾಳೆಗಳ ಲೆಕ್ಕ

ಛಾಯಾಚಿತ್ರಗಳನ್ನೂ ಚಿತ್ರಕಲೆಯ ಪ್ರತಿಗಳನ್ನೂ ದುಬಾರಿ ಹತ್ತಿ ಕಾಗದದ ಮೇಲೆ ಮುದ್ರಿಸಿಕೊಡುವ ಸಣ್ಣ ಘಟಕಗಳಲ್ಲಿ ಹಾಳಾದ ಹಾಳೆಗಳಿಗೆ ಪ್ರತ್ಯೇಕ ಲೆಕ್ಕವಿರುವುದು ಅಪರೂಪ. ಕಾಗದ ಖರೀದಿಯ ಖಾತೆಯಲ್ಲಿಯೇ ಅವು ಕರಗಿಹೋಗುತ್ತವೆ. 25 ಹಾಳೆಗಳ ಪೆಟ್ಟಿಗೆಯಲ್ಲಿ 5 ಹಾಳೆಗಳು ಬಣ್ಣ ಹೊಂದದೆ ಕಸವಾದರೆ, ಮಾರಲು ಯೋಗ್ಯವಾದ ಪ್ರತಿ ಹಾಳೆಯ ಕಾಗದದ ವೆಚ್ಚ ಶೇ. 25ರಷ್ಟು ಏರುತ್ತದೆ. ಶಾಯಿಯ ಬೆಲೆ ಬೇರೆ.

ಇಂತಹ ನಷ್ಟಕ್ಕೆ ಅನೇಕ ವೇಳೆ ಯಂತ್ರಕ್ಕಿಂತ ಸೆಟ್ಟಿಂಗ್‌ಗಳೇ ಕಾರಣ. 1993ರಲ್ಲಿ ಸ್ಥಾಪನೆಯಾದ ಐಸಿಸಿ ಒಕ್ಕೂಟದ ಮಾದರಿಯಂತೆ ಸಿದ್ಧವಾಗುವ ಬಣ್ಣದ ಪ್ರೊಫೈಲ್, ನಿರ್ದಿಷ್ಟ ಪ್ರಿಂಟರ್, ಶಾಯಿ ಮತ್ತು ಕಾಗದ ಕೂಡಿದಾಗ ಬಣ್ಣ ಹೇಗೆ ಮೂಡುತ್ತದೆಂದು ವಿವರಿಸುವ ಕಡತ. ಮೂರರಲ್ಲಿ ಒಂದು ಬದಲಾದರೂ, ಒಬ್ಬರ ಅಳತೆಗೆ ಹೊಲಿದ ಅಂಗಿಯನ್ನು ಇನ್ನೊಬ್ಬರಿಗೆ ತೊಡಿಸಿದಂತಾಗುತ್ತದೆ.

ಜರ್ಮನಿಯಲ್ಲಿ 1584ರಲ್ಲಿ ಆರಂಭವಾದ ಹಾನೆಮ್ಯೂಲೆ ಸಂಸ್ಥೆಯ ‘ಫೋಟೋ ರ‍್ಯಾಗ್ 308’ ಕಾಗದವನ್ನು ಉದಾಹರಣೆಗೆ ನೋಡಬಹುದು. ಇದು ಚದರ ಮೀಟರಿಗೆ 308 ಗ್ರಾಂ ತೂಗುವ, ಹೊಳಪಿಲ್ಲದ ಕಾಗದ. ಸಂಸ್ಥೆಯು ಪ್ರಿಂಟರಿನ ಮಾದರಿಗೆ ತಕ್ಕ ಪ್ರೊಫೈಲನ್ನು ಉಚಿತವಾಗಿ ಒದಗಿಸುವುದರ ಜೊತೆಗೆ, ಡ್ರೈವರಿನಲ್ಲಿ ಯಾವ ‘ಮೀಡಿಯಾ ಟೈಪ್’ ಆರಿಸಬೇಕೆಂಬುದನ್ನೂ ಸೂಚಿಸುತ್ತದೆ. ಪ್ರೊಫೈಲನ್ನು ಅಳವಡಿಸಿಕೊಂಡು ಈ ಸೂಚನೆಯನ್ನು ಕಡೆಗಣಿಸಿದರೆ ಪ್ರಯೋಜನವಿಲ್ಲ. ಎಷ್ಟು ಶಾಯಿ ಬೀಳಬೇಕು, ಯಾವ ಕಪ್ಪು ಬಳಕೆಯಾಗಬೇಕು ಎಂಬುದನ್ನು ನಿರ್ಧರಿಸುವುದು ಮೀಡಿಯಾ ಟೈಪ್. ಅಲ್ಲಿ ಹೊಳಪಿನ ಕಾಗದವನ್ನು ಆರಿಸಿದರೆ ಮ್ಯಾಟ್ ಕಪ್ಪಿನ ಬದಲು ಫೋಟೋ ಕಪ್ಪು ಬಳಕೆಯಾಗಿ, ಕಡುಗಪ್ಪು ಇರಬೇಕಾದ ಭಾಗ ಬೂದು ಬಣ್ಣಕ್ಕಿಳಿಯುತ್ತದೆ. ಅದನ್ನು ಸರಿಪಡಿಸುವ ಶಕ್ತಿ ಯಾವ ಪ್ರೊಫೈಲಿಗೂ ಇಲ್ಲ.

ಇನ್ನೊಂದು ತಪ್ಪು ಇನ್ನೂ ಸಾಮಾನ್ಯ. ಬಣ್ಣ ನಿರ್ವಹಣೆಯನ್ನು ಫೋಟೋಶಾಪ್‌ಗೆ ವಹಿಸಿದ ಮೇಲೆ ಡ್ರೈವರಿನಲ್ಲಿ ಅದನ್ನು ಸ್ಥಗಿತಗೊಳಿಸಲೇಬೇಕು. ಇಲ್ಲವಾದರೆ ಒಂದೇ ವೋಚರನ್ನು ಎರಡು ಬಾರಿ ದಾಖಲಿಸಿದಂತೆ ಬಣ್ಣ ಎರಡು ಸಲ ತಿದ್ದಲ್ಪಟ್ಟು, ಮುಖದ ಮೇಲೆ ಅಸಹಜ ಕೆಂಪು ಛಾಯೆ ಕಾಣಿಸಿಕೊಳ್ಳಬಹುದು.

ಪರ್ಯಾಯ ಶಾಯಿ ಬಳಸುವ ಘಟಕಗಳಿಗೆ, ಮೂಲ ಶಾಯಿಗಾಗಿ ಸಿದ್ಧಪಡಿಸಿದ ಈ ಉಚಿತ ಪ್ರೊಫೈಲುಗಳು ಹೊಂದುವುದಿಲ್ಲ. ಬಣ್ಣದ ಚೌಕಗಳ ಚಾರ್ಟನ್ನು ಬಣ್ಣ ನಿರ್ವಹಣೆಯಿಲ್ಲದೆ ಮುದ್ರಿಸಿ, ಒಂದು ದಿನ ಒಣಗಿಸಿ, ಸ್ಪೆಕ್ಟ್ರೋಫೋಟೋಮೀಟರಿನಿಂದ ಅಳೆಸಿ ಸ್ವಂತ ಪ್ರೊಫೈಲ್ ಮಾಡಿಸಬೇಕು. ಈ ಖರ್ಚನ್ನು ಶಾಯಿಯ ಉಳಿತಾಯದಲ್ಲಿ ಕಳೆದು ನೋಡದೆ ಯಾವ ಶಾಯಿ ಅಗ್ಗವೆಂದು ತೀರ್ಮಾನಿಸುವುದು ಸರಿಯಲ್ಲ.

ವೆಚ್ಚ ಲೆಕ್ಕಶಾಸ್ತ್ರದಲ್ಲಿ ಸಾಮಾನ್ಯ ನಷ್ಟ, ಅಸಾಮಾನ್ಯ ನಷ್ಟ ಎಂಬ ಭೇದವಿದೆ. ಪರೀಕ್ಷಾ ಹಾಳೆ ಮೊದಲನೆಯ ಬಗೆಯದು. ಅದನ್ನು ದರದಲ್ಲಿ ಸೇರಿಸುವುದು ನ್ಯಾಯವೇ. ತಪ್ಪು ಆಯ್ಕೆಯಿಂದ ಕೆಟ್ಟ ಹಾಳೆ ಎರಡನೆಯದು. ಅದನ್ನು ಗ್ರಾಹಕರ ಮೇಲೆ ಹೊರಿಸದೆ ಲಾಭ-ನಷ್ಟ ಖಾತೆಗೆ ಒಯ್ಯಬೇಕು. ಕಾಗದ, ಮೀಡಿಯಾ ಟೈಪ್ ಹಾಗೂ ಪ್ರೊಫೈಲಿನ ಹೆಸರನ್ನು ಪ್ರತಿ ಆರ್ಡರಿನ ಚೀಟಿಯಲ್ಲಿ ಬರೆದಿಟ್ಟರೆ ಇವೆರಡನ್ನೂ ಬೇರ್ಪಡಿಸುವುದು ಸುಲಭ.

ಎಲ್ಲವೂ ಸರಿಯಿದ್ದರೂ ಕೆಲವು ಕೊರತೆಗಳು ಉಳಿಯುತ್ತವೆ. ಮೈಸೂರು ಶೈಲಿಯ ಚಿತ್ರದಲ್ಲಿನ ಚಿನ್ನದ ರೇಕಿನ ಹೊಳಪು ಸಾಮಾನ್ಯ ಶಾಯಿಯಲ್ಲಿ ಬಾರದು. ಆದುದರಿಂದ ಅದೇ ಕಾಗದದ ಮೇಲೆ ಸಣ್ಣ ಮಾದರಿ ಪ್ರತಿಯನ್ನು ತೆಗೆದು, ಒಣಗಿದ ನಂತರ ಹಗಲಿನ ಬೆಳಕಿನಲ್ಲಿ ಗ್ರಾಹಕರಿಗೆ ತೋರಿಸಿ, ಒಪ್ಪಿಗೆಯ ಸಹಿ ಪಡೆದು ಪೂರ್ಣ ಗಾತ್ರದ ಮುದ್ರಣಕ್ಕೆ ತೊಡಗುವುದು ಕ್ಷೇಮ.